‘ತಾದ್’ ಎಂಬ ಪದ

ಮಾರ್ಚ್ 3, ಸೋಮವಾರ
ವೆಲ್ಷ್ ನಿಘಂಟು ಕಚೇರಿಯಲ್ಲಿ ಇಂದೂ ಅದೇ ‘ತಾದ್’. ಅಪ್ಪ ಎಂಬ ಪದಕ್ಕೆ ಮೂರು ವಾರ! ಲ್ಯಾಟಿನ್‌ವರೆಗೆ ಅಗೆದಾಯಿತು. ಸಂಪಾದಕ ಎಮ್ರಿಸ್ ನಕ್ಕರು: “ಸಾಕು ಮೆರೆರಿದ್. ಹಲ್ಲು ಬರದ ಕೂಸುಗಳು ತೊದಲಿದ್ದು ಅದು. ಪಂಡಿತರು ಬರ್ಕೊಂಡ್ರು, ಅಷ್ಟೇ.”
ಚೀಟಿಯಲ್ಲಿ ಬರೆದೆ: ‘ಅವನ’, ‘ಅವಳ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಇ’. ಭೇದವೆಲ್ಲ ಮುಂದಿನ ಪದದ ಮೊದಲ ಅಕ್ಷರದಲ್ಲಿ. ಅವನ ಅಪ್ಪ — ಇ ದಾದ್. ಅವಳ ಅಪ್ಪ — ಇ ಥಾದ್.
ಕೂತಲ್ಲಿ ಕೂರಲಾಗುತ್ತಿಲ್ಲ. ಅಮ್ಮ ಹೋಗಿ ಇಂದಿಗೆ ತಿಂಗಳು.

ಮಾರ್ಚ್ 5, ಸಂಜೆ 6
ಅಣ್ಣ ಇದ್ವಲ್‌ನ ಫೋನ್, ಲಿವರ್‌ಪೂಲ್‌ನಿಂದ. ಅಪ್ಪನ ತೊಂಬತ್ತನೇ ಹುಟ್ಟುಹಬ್ಬಕ್ಕೆ ಬರುವುದಿಲ್ಲವಂತೆ. ತಾನು ಒಯ್ದಿದ್ದ ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲಿ ಪತ್ರವೊಂದು ಸಿಕ್ಕಿತ್ತಂತೆ — ಚಿಕ್ಕಮ್ಮನಿಗೆ ಬರೆದದ್ದು, ಅಂಚೆಗೆ ಹಾಕದೇ ಉಳಿದದ್ದು. ಮಗುವಿನ ಹೆಸರಿಲ್ಲ, ತಾರೀಖಿಲ್ಲ. ‘ಮಗು ಚೆನ್ನಾಗಿದೆ. ಅದರ ಅಪ್ಪ ಸಂತೆಯಲ್ಲಿ ಸಿಕ್ಕಿದ್ದ. ಎಲಿಸ್‌ಗೆ ಏನೂ ಗೊತ್ತಿಲ್ಲ.’
ಎಲಿಸ್ — ನಮ್ಮ ಅಪ್ಪ.
“ಆ ಮಗು ನಾನೇ ಕಣೇ. ಅಪ್ಪನಿಗೆ ಆಮೇಲೆ ಗೊತ್ತಾಗಿರ್ಬೇಕು, ಅದಕ್ಕೇ ನನ್ನ ಕಂಡ್ರೆ ಆಗ್ತಿರ್ಲಿಲ್ಲ.”
“ಅಮ್ಮ ಬರೆದ ಹಾಗೇ ಓದು, ವೆಲ್ಷ್‌ನಲ್ಲಿ.”
ಹದಿನಾರಕ್ಕೇ ಊರು ಬಿಟ್ಟು ಭಾಷೆಯನ್ನೂ ಅರ್ಧ ಮರೆತವನು. ತಡವರಿಸುತ್ತಾ ಓದಿದ: “ಇ… ಥಾದ್…”
ಫೋನ್ ಇಟ್ಟುಬಿಟ್ಟೆ.

ಮಾರ್ಚ್ 6
ಎಮ್ರಿಸ್‌ರನ್ನು ಕೇಳಿದೆ, ಯಾರದೋ ವಿಷಯ ಎಂಬಂತೆ. ಬರೆಯುವಾಗ ಕೈ ತಪ್ಪಿರಬಹುದೇ?
“ಥಾದ್ ಅನ್ನೋ ಕಡೆ ದಾದ್ ಅಂತ ಎಷ್ಟೋ ಜನ ತಪ್ತಾರೆ. ಉಲ್ಟಾ ತಪ್ಪಿದವರನ್ನ ನಾನಂತೂ ಕಂಡಿಲ್ಲ.”
‘ಮಗು’ ನಮ್ಮಲ್ಲಿ ಪುಲ್ಲಿಂಗ. ಸುಮ್ಮನೆ ಮಗು ಎಂದಿದ್ದರೂ ‘ದಾದ್’ ಆಗಬೇಕಿತ್ತು. ಅಮ್ಮನ ಕಣ್ಣ ಮುಂದೆ ಇದ್ದದ್ದು ಹೆಣ್ಣುಮಗು. ನಾವಿರುವುದೇ ಇಬ್ಬರು.
ನಾನು.

ಮಾರ್ಚ್ 22, ಶನಿವಾರ
ಎರಡು ವಾರ ಬರೆಯಲಿಲ್ಲ. ದಿನಾ ಕಡಲ ದಂಡೆಯ ಮೇಲೆ ನಡೆದದ್ದೇ ನಡೆದದ್ದು. ಸುಮ್ಮನಿದ್ದರೆ ಅಪ್ಪ ನನಗೆ ಉಳಿಯುತ್ತಾರೆ, ಇದ್ವಲ್‌ಗೆ ಇಲ್ಲ. ಐವತ್ತೆಂಟರ ಗಂಡಸು ಮತ್ತೆ ಫೋನ್ ಮಾಡಿ ಅತ್ತಿದ್ದಾನೆ.
ಬೆಳಿಗ್ಗೆ ಅವನಿಗೆ ಫೋನಿನಲ್ಲಿ ಹೇಳಿಬಿಟ್ಟೆ: ಆ ಮಗು ನಾನು.
“ಹಾಗಾದ್ರೆ ನೀನು?” ಎಂದ.
“ನಾನು ಕೇಕ್ ತರ್ತೀನಿ. ನೀನು ಬಾ ಅಣ್ಣ.”

ಮಾರ್ಚ್ 23, ಸಂಜೆ
ಬಂದ. ಬಾಗಿಲಲ್ಲೇ ಅಪ್ಪನನ್ನು ತಬ್ಬಿ ಅತ್ತ. “ಬಿಡೋ, ಮೂಳೆ ಮುರೀತೀಯ,” ಎಂದರು ಅಪ್ಪ. ಅವನ ಬೆನ್ನು ತಟ್ಟುತ್ತಲೇ ನನ್ನನ್ನು ನೋಡಿದರು.
“ಆ ಪತ್ರ ಸಿಕ್ತಾ ನಿಮಗೆ?”
ಕೇಕಿನ ಡಬ್ಬಿ ಮೇಜಿನ ಮೇಲಿಟ್ಟೆ.
“ನಾನೂ ಓದಿದೀನಿ ಮಗಳೇ. ನೀನಾಗ ತೊಟ್ಟಿಲಲ್ಲಿದ್ದೆ. ನಿದ್ದೆ ಕೆಡದ ಹಾಗೆ ಅದನ್ನ ಇದ್ದಲ್ಲೇ ಇಟ್ಟು, ನಿನ್ನ ತೊಟ್ಟಿಲು ತೂಗಿದೆ. ಅವತ್ತಿಂದ ‘ಇ ಥಾದ್’ ನಾನೇ.”