ನಡುವೆ ನಿಂತವಳ ಮಾತು

ಸೀತಾಂಗೋಳಿ (ಕಾಸರಗೋಡು)
12-7-2005, ಮಂಗಳವಾರ

ಪ್ರೀತಿಯ ನಮಿತಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಸೌಖ್ಯ. ಮಂಗಳೂರಿನಲ್ಲಿ ನೀನೂ ನಿನ್ನ ಸೋದರತ್ತೆಯೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಆಸ್ಪತ್ರೆಯಲ್ಲಿ ಜ್ವರದವರ ಸಾಲು ಅಂಗಳ ದಾಟಿ ರಸ್ತೆಗೆ ಬಂದಿದೆ ಎನ್ನುವುದು ಒಂದು ನೆಪ. ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ ಎನ್ನುವುದು ನಿಜ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಬೂತಿನಲ್ಲಿ ಬೆನ್ನ ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ನನಗೆ ಮಾತು ಹೊರಡುವುದಿಲ್ಲ.

ನಿನ್ನಪ್ಪನ ಕಥೆ ಕೇಳು. ಟಯರು ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಮೊದಲು ಮಗಳ ರ‍್ಯಾಂಕು, ಆಮೇಲೆ ಟ್ಯೂಬು. ಮೊನ್ನೆ ಜೀಪಿನವನೊಬ್ಬ ಅವಸರದಲ್ಲಿದ್ದನಂತೆ. ಗಡಿನಾಡ ಕನ್ನಡಿಗರ ಪಾಲಿನಲ್ಲಿ ಹುಬ್ಬಳ್ಳಿಯ ಮೆಡಿಕಲ್ ಸೀಟು ಸಿಕ್ಕಿದ್ದು ಹೇಗೆ, ಕೇರಳದ ಎಂಟ್ರೆನ್ಸಿನಲ್ಲಿ ಕೋಝಿಕ್ಕೋಡಿನ ಸೀಟು ಸಿಕ್ಕಿದ್ದು ಹೇಗೆ ಎಂದು ಪೂರ್ತಿ ಕೇಳಿದ ಮೇಲೆಯೇ ಅವನಿಗೆ ಬಿಡುಗಡೆ. ಮಾತೇ ಕಡಿಮೆಯಿದ್ದ ಜಯಪಾಲನಿಗೆ ಎಲ್ಲಿಂದ ಬಂತೋ ಇಷ್ಟು ಮಾತು. ನೋಡಿ ನನ್ನ ಕಣ್ಣು ತುಂಬಿತು.

ಎರಡೂ ಸರಕಾರಿ ಕಾಲೇಜು, ದುಡ್ಡಿನ ತಲೆಬಿಸಿ ಇಲ್ಲ. ಆದರೂ ಬರುವ ಸೋಮವಾರ ಯಾವುದಾದರೂ ಒಂದಕ್ಕೆ ಸೇರಲೇಬೇಕು ಎಂದು ಬರೆದಿದ್ದೀ. ನಿನ್ನಪ್ಪ ಹುಬ್ಬಳ್ಳಿಯ ಪಕ್ಷ. "ಅಕ್ಕಾ, ಅವಳು ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವಳು. ಹುಬ್ಬಳ್ಳಿಯಲ್ಲಾದರೆ ಕನ್ನಡ ಉಂಟಲ್ಲ. ಕೋಝಿಕ್ಕೋಡಿನಲ್ಲಿ ರೋಗಿ ಎಂತ ಹೇಳಿದ್ದೂಂತ ಗೊತ್ತಾಗದೆ ಮೂಲೆಯಲ್ಲಿ ಕೂತು ಅಳುವುದು ಬೇಡ" ಎನ್ನುತ್ತಾನೆ. ಅವನ ಮಾತನ್ನು ತೆಗೆದು ಹಾಕುವ ಹಾಗಿಲ್ಲ. ಮಲಯಾಳದ ಬೋರ್ಡು ಓದಲು ಬಾರದೆ ಕುಂಬಳೆಯ ಬಸ್ಸೆಂದು ಕಾಞಂಗಾಡಿನ ಬಸ್ಸು ಹತ್ತಿ, ಅಳುತ್ತ ವಾಪಸು ಬಂದ ಹುಡುಗಿ ಯಾರು ಎಂದು ನಾನು ಹೇಳಬೇಕಾಗಿಲ್ಲ.

ಹಾಗೆಂದು ಹುಬ್ಬಳ್ಳಿಯೇನು ನಿನ್ನ ಅಜ್ಜಿಮನೆಯೇ? ಅಲ್ಲಿಯವರ ಕನ್ನಡ ನಮ್ಮ ಕನ್ನಡದ ಹಾಗಲ್ಲ. ನೀನು "ಎಂತ" ಎಂದರೆ ಅವರು ನಗುತ್ತಾರೆ, ಅವರು ಮಾತಾಡಿದರೆ ನೀನು ಬಾಯಿ ಬಿಡುತ್ತೀ. ಕುಚ್ಚಲಕ್ಕಿಯ ಗಂಜಿ ಇಲ್ಲದೆ ಒಂದು ಹೊತ್ತು ಕಳೆಯದವಳು ಐದು ವರ್ಷ ಜೋಳದ ರೊಟ್ಟಿ ಹೇಗೆ ತಿನ್ನುತ್ತೀಯೋ.

ಈ ತಮಾಷೆಯೆಲ್ಲ ಹೊತ್ತು ಕಳೆಯಲು. ನಿನ್ನ ಕಾಗದದ ಕೊನೆಯ ಸಾಲು ನನ್ನನ್ನು ಹತ್ತು ದಿನ ನಿದ್ದೆಗೆಡಿಸಿದೆ. "ದೊಡ್ಡಮ್ಮ, ಅಮ್ಮ ಇದ್ದಿದ್ದರೆ ಎಂತ ಹೇಳುತ್ತಿದ್ದರೋ ಅದನ್ನೇ ನೀವು ಹೇಳಿ. ನಾನು ಅಲ್ಲಿಗೆ ಹೋಗುತ್ತೇನೆ." ಇಷ್ಟು ದೊಡ್ಡ ಭಾರವನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಬರೆದು ಕಳಿಸಿದ್ದೀಯಲ್ಲ ಮಗಾ.

ಆಸ್ಪತ್ರೆಯ ಒಂದು ಸುದ್ದಿ ಹೇಳುತ್ತೇನೆ. ಈಗಿರುವ ಡಾಕ್ಟರಮ್ಮ ಕೊಲ್ಲಂ ಕಡೆಯವರು, ಸಣ್ಣ ಪ್ರಾಯ. ಅಕ್ಕ ಎನ್ನುವ ಹಾಗೆ ನನ್ನನ್ನು ಚೇಚಿ ಎಂದು ಕರೆಯುತ್ತಾರೆ. ನಾನು ಹೆಸರಿಗೆ ನರ್ಸಿಂಗ್ ಅಸಿಸ್ಟೆಂಟ್. ಅರ್ಧ ದಿನದ ಕೆಲಸ ಮಾತ್ರ ಡಾಕ್ಟರ ಮೇಜಿನ ಪಕ್ಕ ನಿಂತು ತುಳು, ಕನ್ನಡವನ್ನು ಮಲಯಾಳ ಮಾಡುವುದು ಎಂದು ನಿನಗೆ ಗೊತ್ತೇ ಇದೆ. ಮೊನ್ನೆ ಬೆಳ್ಳೂರಿನ ಬಟ್ಯಜ್ಜ ತಲೆ ತಿರುಗುತ್ತದೆಂದು ಬಂದಿದ್ದರು. "ಎಂತ ಆಗ್ತದೆ ಅಜ್ಜ" ಎಂದು ಕೇಳಿದ್ದೇ ತಡ, ದೇಲಂಪಾಡಿಯ ಮಗಳ ಮನೆಯಿಂದ ಶುರು ಮಾಡಿದರು. ಅಲ್ಲಿ ಹಲಸಿನ ಹಣ್ಣು ತಿಂದದ್ದು, ಅಳಿಯ ಬಸ್ಸಿನವರೆಗೆ ಬಿಡಲು ಬಾರದೆ ಇದ್ದದ್ದು, ಮನೆಗೆ ಬಂದರೆ ಹೆಂಡತಿ ಸಿಟ್ಟಿನಲ್ಲಿ ಮಾತೇ ಆಡದೆ ಇದ್ದದ್ದು. ನಾನು ಡಾಕ್ಟರಮ್ಮನಿಗೆ, ತಲೆ ತಿರುಗುತ್ತದಂತೆ ಎಂದಷ್ಟೇ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಚೇಚಿ, ಅವರು ಇಷ್ಟು ಹೊತ್ತು ಹೇಳಿದ್ದಕ್ಕೆ ನೀವು ಒಂದೇ ಮಾತು ಹೇಳಿದಿರಿ. ಎಲ್ಲ ಹೇಳಿ" ಎಂದರು.

ನನಗೆ ಕೋಪ ಬಂತು. ಹೊರಗೆ ಎಂಬತ್ತು ಜನ ಕಾಯುತ್ತಿದ್ದಾರೆ. ಆದರೂ ಅಜ್ಜನನ್ನು ಪುನಃ ಕೇಳಿ ಒಂದೊಂದನ್ನೇ ಹೇಳುತ್ತ ಬಂದೆ. ಹೆಂಡತಿಗೆ ಸಿಟ್ಟು ಯಾಕೆ ಎಂದು ಡಾಕ್ಟರಮ್ಮ ನನ್ನಿಂದ ಕೇಳಿಸಿದರು. ಅವಳ ಬಿಪಿ ಮಾತ್ರೆಯನ್ನು ಹದಿನೈದು ದಿನದಿಂದ ಅಜ್ಜನೇ ನುಂಗುತ್ತಿದ್ದರಂತೆ. "ಅವಳಿಗೆ ಅದರಲ್ಲಿ ಗುಣ ಉಂಟು ಮಾರಾಯ್ತಿ, ನನಗೆ ಎಂತಕ್ಕೆ ಆಗಬಾರದು?" ಎಂದು ನನ್ನನ್ನೇ ಕೇಳಿದರು. ಡಾಕ್ಟರಮ್ಮ ನಕ್ಕುಬಿಟ್ಟರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ನಿನ್ನ ಕಾಗದ ತೆಗೆದು ಆ ಕೊನೆಯ ಸಾಲನ್ನು ಪುನಃ ಓದಿದೆ.

ಈ ಡಾಕ್ಟರಮ್ಮನೂ ಆಗಸ್ಟಿನಲ್ಲಿ ವರ್ಗವಾಗಿ ಹೋಗುತ್ತಾರೆ. ನಾನು ಕಂಡವರಲ್ಲಿ ಇವರು ಹನ್ನೊಂದನೆಯವರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ರೋಗಿ ಆಡುವ ಮಾತು ತಿಳಿಯದ ಊರಿನಲ್ಲಿ ಅವರು ಎಷ್ಟು ದಿನವೆಂದು ಇರಬೇಕು?

ಆದ್ದರಿಂದ, ನೀನು ಕೇಳಿದ್ದೀ ಎಂದು ಹೇಳುತ್ತೇನೆ, ಕೋಝಿಕ್ಕೋಡಿಗೆ ಹೋಗು. ಮಲಯಾಳ ಬಾರದೆ ಮೊದಲ ವರ್ಷ ಅಳುತ್ತೀ, ಅಳು. ನಾನು ಇಪ್ಪತ್ತಮೂರನೆಯ ವಯಸ್ಸಿಗೆ ಹಳೆಯ ಔಷಧಿ ಚೀಟಿಗಳನ್ನು ಮುಂದಿಟ್ಟುಕೊಂಡು ಆ ಅಕ್ಷರ ಕಲಿತೆ. ನನಗಿಂತ ನೀನು ನೂರು ಪಾಲು ಜಾಣೆ. ಅಲ್ಲಿ ಕಲಿತು ಈ ಕಡೆಯ ಆಸ್ಪತ್ರೆಗೇ ಬಂದರೆ, ಮಲಯಾಳದವರ ಮಾತೂ ನಮ್ಮವರ ಮಾತೂ ನೇರ ನಿನ್ನ ಕಿವಿಗೆ ಬೀಳುತ್ತದೆ. ನನ್ನಂಥವಳೊಬ್ಬಳು ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ.

ಎಲ್ಲಿಗೆ ಹೋದರೂ ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಎಣ್ಣೆ ಹಾಕು. ದೇವರು ನಿನ್ನ ಕೈಗೆ ಒಳ್ಳೆಯ ಗುಣ ಕೊಡಲಿ. ನೂರು ಕಾಲ ಸುಖವಾಗಿ ಬಾಳು ಮಗಾ.

ಇತಿ ನಿನ್ನ
ತುಂಗಾ ದೊಡ್ಡಮ್ಮ

ತಾ.ಕ.: ಕವರಿಗೆ ಅಂಟು ಹಾಕಿ ಪೋಸ್ಟಾಫೀಸಿನವರೆಗೆ ಹೋದವಳು ಮರಳಿ ಬಂದು ಒಡೆದಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ನಿನ್ನನ್ನು ಕೋಝಿಕ್ಕೋಡಿಗೆ ಹೋಗು ಎನ್ನುವುದಕ್ಕೆ ನಿಜವಾದ ಕಾರಣ ಬೇರೆ ಇದೆ. ಅದು ತಿಳಿಯದೆ ನೀನು ನನ್ನ ಮಾತು ಕೇಳಬಾರದು.

ನಿನ್ನಮ್ಮನ ಕಾಯಿಲೆ ತಡವಾಗಿ ಗೊತ್ತಾಯಿತು ಎಂದು ನಿನಗೆ ಹೇಳಿದ್ದೇವೆ. ನನಗೆ ಮೊದಲೇ ಗೊತ್ತಿತ್ತು. ನಿನಗೆ ಐದು ವರ್ಷವಾಗಿದ್ದಾಗ ಶಂಕರಿ ನಮ್ಮ ಆಸ್ಪತ್ರೆಗೆ ಬಂದಿದ್ದಳು. ಹೊರಗಿನ ಬೆಂಚಿನಲ್ಲಿ ಕೂತು, ಮುಟ್ಟಿನ ದಿನಗಳಲ್ಲದೆಯೂ ಮೂರು ತಿಂಗಳಿಂದ ರಕ್ತ ಹೋಗುತ್ತಿದೆ ಎಂದು ನನ್ನಲ್ಲಿ ಹೇಳಿದಳು. "ಅಕ್ಕಾ, ಅದನ್ನು ಆ ಡಾಕ್ಟರ ಹತ್ರ ಹೇಳಬೇಡ, ನನಗೆ ನಾಚಿಕೆ ಆಗ್ತದೆ" ಎಂದಳು. ಡಾಕ್ಟರ್ ಇಪ್ಪತ್ತೈದರ ಹುಡುಗ, ಅವನಿಗೆ ನಮ್ಮ ಒಂದಕ್ಷರವೂ ತಿಳಿಯದು. ನನಗೂ ನಾಚಿಕೆಯಾಯಿತು. ಸುಸ್ತು, ಸೊಂಟನೋವು ಎಂದೆ. ಬೇರೆ ಏನಾದರೂ ಇದೆಯೇ ಎಂದು ಅವನು ಕೇಳಿದ, ಪಾಪ. ಶಂಕರಿ ನನ್ನ ಮುಖ ನೋಡಿದಳು. ಬೇರೇನೂ ಇಲ್ಲ ಎಂದು ನಾನು ಮಲಯಾಳದಲ್ಲಿ ಹೇಳಿದೆ. ರಕ್ತ ಹೆಚ್ಚಾಗಲು ಎಂದು ಮಾತ್ರೆ ಕೊಟ್ಟು ಕಳಿಸಿದ.

ಎಂಟು ತಿಂಗಳ ಮೇಲೆ ಮಂಗಳೂರಿಗೆ ಕರೆದುಕೊಂಡು ಹೋದಾಗ ಗರ್ಭಕೋಶದ ಕ್ಯಾನ್ಸರ್ ಕೈಮೀರಿತ್ತು. ಯಾವಾಗಿನಿಂದ ಹೀಗೆ ಎಂದು ಅಲ್ಲಿ ಕೇಳಿದರು. ಏನೂ ಅರಿಯದ ನಿನ್ನಪ್ಪ ಒಂದು ತಿಂಗಳಿಂದ ಎಂದ. ನಾನು ಪಕ್ಕದಲ್ಲೇ ಇದ್ದೆ, ತಿದ್ದಲಿಲ್ಲ. ಇಂದಿನವರೆಗೂ ತಿದ್ದಲಿಲ್ಲ. ಈ ಭಾನುವಾರ ಅವನಿಗೆ ನಾನೇ ಹೇಳುತ್ತೇನೆ, ಅದರ ಚಿಂತೆ ನಿನಗೆ ಬೇಡ.

ನಿನ್ನಮ್ಮ ಇದ್ದಿದ್ದರೆ ಎಲ್ಲಿಗೆ ಹೋಗು ಎನ್ನುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳ ಪರವಾಗಿ ನಾನು ಒಮ್ಮೆ ಮಾತಾಡಿದ್ದೇ ಸಾಕು. ನೀನೇ ಯೋಚಿಸು. ಕೋಝಿಕ್ಕೋಡಿಗೆ ಹೊರಟರೆ ನಿನ್ನ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ, ನಾನು ಸ್ಟೇಷನ್ನಿಗೆ ಬರುತ್ತೇನೆ. ಹುಬ್ಬಳ್ಳಿಗಾದರೆ ಮಂಗಳೂರಿನ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ನನ್ನೊಡನೆ ಮಾತು ಬೇಡವೆಂದು ಕಂಡರೆ ಇಳಿಯಬೇಡ, ಕಿಟಕಿಯ ಹತ್ತಿರ ಕೂತಿರು. ನಿನ್ನನ್ನು ನೋಡಿಕೊಂಡು ಹೋಗುತ್ತೇನೆ.