ವಿಟಮಿನ್ ಡಿ ಒಂಬತ್ತು

ಏಪ್ರಿಲ್ 7, ಸೋಮವಾರ

ವಿಟಮಿನ್ ಡಿ ಒಂಬತ್ತು. ಕನಿಷ್ಠ ಮೂವತ್ತು ಇರಬೇಕಿತ್ತು. ಫೋನಿನಲ್ಲಿ ತಿಳಿಸಿದವಳು ಹೈದರಾಬಾದ್ ಆಸ್ಪತ್ರೆಯ ಸಿಸ್ಟರ್ ಸಂಘಮಿತ್ರಾ. ಜೇವರ್ಗಿ ಕಡೆಯ ಹೆಣ್ಣುಮಗಳು. ಆ ವಾರ್ಡಿನಲ್ಲಿ ನಮ್ಮ ಕಡೆಯ ಕನ್ನಡ ಮಾತಾಡುವವಳು ಅವಳೊಬ್ಬಳೇ.

"ಅಕ್ಕಾರ, ವಾರದ ಗುಳಿಗಿ ತಪ್ಪಸ್ತೀರೇನ್ರಿ?"

"ಇಲ್ಲವಾ. ಪ್ರತಿ ಐತಾರ ತಗೋತೇನಿ."

"ಹಂಗಿದ್ರ ಒಂಬತ್ತು ಹ್ಯಾಂಗ ಬಂತ್ರಿ?"

ಗೊತ್ತಿಲ್ಲ ಎಂದೆ.

ಹಿನ್ನೆಲೆ, ಪೇಪರಿನವರು ಕೊಡುವ ಹಾಗೆ: ಕಳೆದ ಆಗಸ್ಟ್‌ನಲ್ಲಿ ರಕ್ತದ ಕ್ಯಾನ್ಸರಿಗೆ ಸ್ಟೆಮ್ ಸೆಲ್ ಕಸಿ. ಕೊಟ್ಟವನು ಅಣ್ಣ ಕಲ್ಲಿನಾಥ. ನಂತರ ಚರ್ಮಕ್ಕೆ ತೊಂದರೆ, ಐದು ತಿಂಗಳು ಸ್ಟೀರಾಯ್ಡ್. ಸ್ಟೀರಾಯ್ಡ್ ಎಲುಬು ಸವೆಸುತ್ತದೆ. ಬಿಸಿಲಿಗೆ ಹೋಗುವಂತಿಲ್ಲ. ಅದಕ್ಕೇ ವಿಟಮಿನ್ ಡಿ. ಮಾರ್ಚ್‌ನಲ್ಲಿ ನೀರಿನ ಕೊಡ ಎತ್ತಿದಾಗ ಬೆನ್ನಲ್ಲಿ ಲಟಕ್ ಎಂದಿತು. ಬೆನ್ನೆಲುಬಿನ ಒಂದು ಮಣಿ ಕುಸಿದಿದೆ. ಅಂದಿನಿಂದ ಬೆಲ್ಟು. ನಿಂಬರ್ಗಾ ಶಾಲೆಯ ನನ್ನ ರಜೆ ಜೂನ್‌ಗೆ ಮುಗಿಯುತ್ತದೆ. ನಿಂತು ಪಾಠ ಮಾಡುವ ಸ್ಥಿತಿ ಇಲ್ಲ.

ಆಳಂದದಲ್ಲಿ ಇಂದು ನಲವತ್ತೊಂದು ಡಿಗ್ರಿ. ಕಿಟಕಿಗೆ ದಪ್ಪ ಪರದೆ.

ಏಪ್ರಿಲ್ 8, ಮಂಗಳವಾರ

ವಾರದ ಗುಳಿಗೆ ಡಬ್ಬಿ ತುಂಬುವವನು ಅಣ್ಣ. ಆಸ್ಪತ್ರೆಯಿಂದ ಬಂದಾಗಿನಿಂದ ಅದು ಅವನ ಕೆಲಸ. ಸ್ನಾನ, ಲಿಂಗಪೂಜೆ, ಆಮೇಲೆ ವಿಭೂತಿ ಹಚ್ಚಿದ ಕೈಯಲ್ಲೇ ಡಬ್ಬಿ. ಮೊದಲು ಐತಾರದ, ಅಂದರೆ ಭಾನುವಾರದ, ಖಾನೆಯಲ್ಲಿ ಬಂಗಾರ ಬಣ್ಣದ ಮೆತ್ತನೆಯ ಕ್ಯಾಪ್ಸೂಲ್ ಇರುತ್ತಿತ್ತು. ದೀಪಾವಳಿ ಆದಮೇಲೆ ಕಂದು ಗುಂಡು. ಕಂಪನಿ ಬದಲಾಯಿತು ಅಂದಿದ್ದ. ನಂಬಿದ್ದೆ.

ಆ ಗುಂಡಿನ ಫೋಟೊ ತೆಗೆದು ಸಂಘಮಿತ್ರಾಗೆ ಕಳಿಸಿದೆ. ಉತ್ತರ ಕೂಡಲೇ — "ಇದು ನಮ್ಮದಲ್ರಿ. ತಗೋಬ್ಯಾಡ್ರಿ."

ಸಂಜೆ ಅಣ್ಣ ದಾಲ್ ಮಿಲ್ಲಿನಿಂದ ಬಂದ. ಕೇಳಿದೆ. ಮುಚ್ಚಿಡಲಿಲ್ಲ. ಚಪ್ಪಲಿ ಬಿಚ್ಚುತ್ತಲೇ ಹೇಳಿದ.

"ಅಫಜಲಪುರದ ವೈದ್ಯರ ಕಡಿಂದ ತಂದದ್ದು ಬೇ. ಗಿಡಮೂಲಿಕಿ."

"ಡಾಕ್ಟರ್ ಬರದದ್ದು?"

"ಅದರ ಸಿಪ್ಪಿ ಯಾತರಿಂದ ಮಾಡ್ತಾರ ಗೊತ್ತದೇನು? ದನದ ಎಲುಬು, ತೊಗಲು ಕುದಿಸಿ. ಜೆಲಾಟಿನ್ ಅಂತಾರ. ಮೊಬೈಲ್‌ನ್ಯಾಗ ನೋಡೇನಿ."

"ನುಂಗಾಕಿ ನಾನು."

"ರಕ್ತ ನಂದು."

ಅವನೇ ಮುಂದುವರಿಸಿದ.

"ದಿನಾ ಲಿಂಗಪೂಜಿ ಮಾಡಿದ ಮೈಯಾಗಿಂದು ಬೇ ಅದು. ಉಳ್ಳಾಗಡ್ಡಿ ತಿನ್ನೋದು ಬಿಟ್ಟು ರಕ್ತ ಕೊಟ್ಟೇನಿ. ಅದರಾಗ ಎಲುಬಿನ ರಸ ಕೂಡಸಾಕ ಬಿಡ್ಲಿ?"

"ಉಳದ ಕ್ಯಾಪ್ಸೂಲ್ ಯಾಕ ಹಂಗ ಬಿಟ್ಟಿ? ಅವುಕ್ಕೂ ಅದ ಸಿಪ್ಪಿ."

"ಅವು ಜೀವದ ಔಷಧ. ಇದು ವಿಟಮಿನ್. ಟಾನಿಕ್ ಇದ್ದಂಗ. ಬಿಸಿಲಾಗ ಕುಂತ್ರ ಪುಕ್ಕಟ ಬರ್ತದ."

"ನನಗ ಬಿಸಿಲು ಬ್ಯಾಡ ಅಂದಾರ."

"ಹಂಗಂದ್ರ ಬಸವಣ್ಣ ಅದಾನ."

ಕೈಕಾಲು ತೊಳೆದು ಊಟಕ್ಕೆ ಕುಳಿತ. ಎರಡನೇ ಸಲ ಝುಣಕ ಹಾಕಿಸಿಕೊಂಡ.

ಇನ್ನು ಈ ಪುಟಗಳಲ್ಲಿ ಅವನು ಅಣ್ಣ ಅಲ್ಲ. ಆಸ್ಪತ್ರೆಯವರು ಅನ್ನುವ ಹಾಗೆ — ದಾನಿ.

ಏಪ್ರಿಲ್ 9, ಬುಧವಾರ

ಬದಲಿಸಿದ ಕಾರಣ ಫೋನಿನಲ್ಲಿ ಕೇಳಿ ಸಂಘಮಿತ್ರಾ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಅಕ್ಕಾರ, ಪುಡಿ ಬರ್ತದಲ್ರಿ. ಸ್ಯಾಶೆ. ಹಾಲಾಗ ಕಲಸಿ ಕುಡಿಯೋದು, ಸಿಪ್ಪಿನೇ ಇಲ್ಲ. ಎಷ್ಟೋ ಮಂದಿ ಕೇಳಿ ತಗೋತಾರ. ಒಂದು ಫೋನ್ ಹಚ್ಚಿದ್ರ ಮುಗೀತಿತ್ತು."

ಒಂದು ಫೋನ್. ದಿನಕ್ಕೆ ನೂರು ಫೋನ್ ಮಾಡುವವನು. ಸೊಲ್ಲಾಪುರದ ತೊಗರಿ ದರ ಕೇಳಲು ಹಲ್ಲುಜ್ಜುವಾಗಲೇ ಫೋನ್ ಹಿಡಿಯುವವನು.

ಡಾಕ್ಟರ್ ಮಾತು: ಮಣಿ ಕುಸಿಯಲು ಸ್ಟೀರಾಯ್ಡ್ ಮುಖ್ಯ ಕಾರಣ, ಡಿ ಇಲ್ಲದ್ದು ಅದಕ್ಕೆ ಕೂಡಿತು. ಎಲುಬು ಗಟ್ಟಿ ಮಾಡುವ ಇಂಜೆಕ್ಷನ್ ಮುಂದಕ್ಕೆ ಹೋಗಿದೆ. ಡಿ ಇಷ್ಟು ಇಳಿದಿರುವಾಗ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆಯಬಹುದು. ಮೊದಲು ಡಿ ಏರಬೇಕು. ಅಲ್ಲಿಯವರೆಗೆ ಇನ್ನೊಂದು ಮಣಿ ಹೋಗದಿರಲಿ ಎಂದು ಕಾಯುವುದು.

ಅವ್ವ ರೊಟ್ಟಿ ತಟ್ಟುತ್ತ ಅಂದಳು — "ಜೀವಾ ಕೊಟ್ಟಾನ ಯವ್ವಾ ನಿನಗ. ಒಂದು ಗುಳಿಗಿ ತಪ್ಪಿಸ್ಯಾನ. ತೂಗಿ ನೋಡು."

ತೂಗಿದೆ. ಜೀವ ಕೊಟ್ಟದ್ದು ನಿಜ. ಕೊಟ್ಟಮೇಲೂ ಅದರ ಮೇಲಿನ ಹಿಡಿತ ಬಿಟ್ಟಿಲ್ಲ, ಅದೂ ನಿಜ. ಅವ್ವನಿಗೆ ಮೊದಲನೆಯದು ಮಾತ್ರ ಕಾಣುತ್ತದೆ.

ಏಪ್ರಿಲ್ 13, ಐತಾರ

ಮೊದಲ ಸ್ಯಾಶೆ. ಹಾಲಿನಲ್ಲಿ. ರುಚಿ ಏನೂ ಇಲ್ಲ. ಡಬ್ಬಿ ಈಗ ನನ್ನ ಕೋಣೆಯಲ್ಲಿ, ಬೀಗದೊಳಗೆ.

ಒಂದು ವಿಷಯ ಗಮನಕ್ಕೆ ಬಂತು. ದಾನಿ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಖಾಲಿ ಹೊಟ್ಟೆಗೆ ಗ್ಯಾಸಿನ ಕ್ಯಾಪ್ಸೂಲ್ ನುಂಗುತ್ತಾನೆ. ಅರ್ಧ ಕೆಂಪು, ಅರ್ಧ ಹಳದಿ. ಎಷ್ಟೋ ವರ್ಷದಿಂದ. ಅವನು ಸ್ನಾನಕ್ಕೆ ಹೋದಾಗ ಆ ಕ್ಯಾಪ್ಸೂಲಿನ ಸ್ಟ್ರಿಪ್ ನೋಡಿದೆ. ಹಿಂದೆ ಸಣ್ಣ ಅಕ್ಷರದಲ್ಲಿದೆ. ಜೆಲಾಟಿನ್.

ಹೇಳಲಿಲ್ಲ. ಎದುರಿಗೆ ಕುಳಿತು ನೋಡಿದೆ. ನೀರು ಕುಡಿದ, ಗಂಟಲಲ್ಲಿ ಇಳಿಯಿತು. ಬಹಳ ದಿನದ ಮೇಲೆ ಚಹಾ ರುಚಿಸಿತು.

ಏಪ್ರಿಲ್ 14, ಸೋಮವಾರ

ಇವತ್ತೂ ನೋಡಿದೆ.

ಏಪ್ರಿಲ್ 27, ಐತಾರ

ನಿನ್ನೆ ಅಫಜಲಪುರದಲ್ಲಿ ದಾನಿಗೆ ಸನ್ಮಾನ. ಮಾಡಿದವರು ದೌಲತರಾಯರು ಎಂಬವರು ನಡೆಸುವ ರಕ್ತದಾನಿಗಳ ಬಳಗ. ಶಾಲು, ಪೇಟ, ಹಣ್ಣಿನ ಬುಟ್ಟಿ. ವಿಡಿಯೊ ಮನೆಗೆ ಬಂದಿದೆ. ಅವ್ವ ಎರಡು ಸಲ ನೋಡಿದಳು. ನಾನು ಒಂದು ಸಲ, ಪೂರ್ತಿ.

"ನನ್ನ ತಂಗಿ ಮೈಯಾಗ ಇವತ್ತು ಶುದ್ಧ ಶರಣರ ರಕ್ತ ಹರ್ಯಾಕತ್ತದ್ರಿ. ಆಕಿನ್ನ ನಾ ಅಂಗೈಯಾಗ ಇಟ್ಟುಕೊಂಡು ಕಾಯಾಕತ್ತೇನಿ."

ಚಪ್ಪಾಳೆ. ನಾನು ವಿಡಿಯೊ ನೋಡಿದ್ದು ಮಲಗಿಕೊಂಡು. ಕುಳಿತರೆ ಬೆನ್ನು ಅರ್ಧ ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ.

ಸಂಜೆ ದೌಲತರಾಯರ ಫೋನ್. ಮೇ 18ಕ್ಕೆ ಜೇವರ್ಗಿಯಲ್ಲಿ ಇನ್ನೂ ದೊಡ್ಡ ಕಾರ್ಯಕ್ರಮ.

"ನೀವೂ ಬರಬೇಕ್ರಿ ಮೇಡಂ. ಪೇಷಂಟ್ ಬಾಯಿಂದ ಎರಡು ಮಾತು ಬಂದ್ರ ಮಂದಿಗಿ ಮುಟ್ತದ. ಮಾಸ್ಕ್ ಹಾಕ್ಕೊಂಡ ಬರ್ರಿ, ಮುಂದಿನ ಸೀಟ ಇಡ್ತೇವಿ. ಖರೇ ಇದ್ದದ್ದು ಇದ್ದಂಗ ಹೇಳ್ರಿ ಸಾಕು."

"ಖರೇ ಇದ್ದದ್ದೇ ಹೇಳ್ತೇನ್ರಿ."

ಖುಷಿಯಾದರು.

ಮೇ 6, ಮಂಗಳವಾರ. ಹೈದರಾಬಾದ್

ಡಿ ಇಪ್ಪತ್ತೊಂದಕ್ಕೆ ಏರಿದೆ. ಅದು ಒಳ್ಳೆಯ ಸುದ್ದಿ.

ಇನ್ನೊಂದು ಸುದ್ದಿ: ನನ್ನ ರಕ್ತದಲ್ಲಿ ದಾನಿಯ ಜೀವಕೋಶಗಳ ಪಾಲು ನೂರರಿಂದ ಎಪ್ಪತ್ತೆರಡಕ್ಕೆ ಇಳಿದಿದೆ. ನನ್ನ ಹಳೆಯ ರಕ್ತ ಮರಳುತ್ತಿದೆ. ಅದರ ಹಿಂದೆ ಕ್ಯಾನ್ಸರ್ ಮರಳಬಹುದು. ತಡೆಯಲು ದಾನಿಯ ಬಿಳಿ ರಕ್ತಕಣಗಳನ್ನು ಮತ್ತೆ ಕೊಡಬೇಕು. ದಿನಾಂಕ ಮೇ 20.

ಡಿ ಕೊರತೆಯಿಂದ ಹೀಗಾಯಿತೇ ಎಂದು ಕೇಳಿದೆ. ಹಾಗೆ ಹೇಳಲು ಆಧಾರ ಇಲ್ಲ ಎಂದರು ಡಾಕ್ಟರ್. ಸರಿ. ಇದನ್ನು ಅವನ ಮೇಲೆ ಹೊರಿಸುವುದಿಲ್ಲ. ಬೆನ್ನು ಸಾಕು.

ದಾನಿ ಹೊರಗೆ ಬೆಂಚಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡ. ವಾಪಸ್ಸು ಬರುವಾಗ ನಾನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದೆ, ದಾರಿಯುದ್ದಕ್ಕೂ ಅವನದು ಸಣ್ಣಗೆ ಸಿಳ್ಳೆ.

ಮೇ 9, ಶುಕ್ರವಾರ

ನಿರೀಕ್ಷಿಸಿದ್ದು ಬಂತು. ದಾನಿ ಬಾಗಿಲಲ್ಲಿ ನಿಂತು ಕೇಳಿದ.

"ಜೇವರ್ಗ್ಯಾಗ ಏನು ಮಾತಾಡಾಕಿ ನೀ?"

"ಇನ್ನಾ ಬರದಿಲ್ಲ."

"ಗುಳಿಗಿ ಸುದ್ದಿ ತಗೀಬ್ಯಾಡ. ಮನಿ ಮಾತು ಮನ್ಯಾಗ ಇರ್ಲಿ. ನೀ ಐತಾರ ಚಲೋ ಮಾತಾಡು, ನಾ ಮಂಗಳಾರ ಹೈದರಾಬಾದಿಗಿ ಬರ್ತೇನಿ."

"ಮಾತಾಡಲಿಲ್ಲಂದ್ರ?"

"ನನಗೂ ಮಿಲ್ ಅದ, ಕೆಲಸ ಅದಾವ. ಮತ್ತ ಸೂಜಿ, ಮತ್ತ ಮಷಿನ್... ನೋಡಬೇಕಾಗ್ತದ."

ನಕ್ಕ. ತಮಾಷೆ ಅನ್ನುವ ಹಾಗೆ. ತಮಾಷೆ ಅಲ್ಲ.

ಅವ್ವ ಒಳಗಿನಿಂದ ಕೇಳಿಸಿಕೊಂಡಳು. ಅವನು ಹೋದಮೇಲೆ ಬಂದು ನನ್ನ ಕಾಲು ಒತ್ತತೊಡಗಿದಳು. "ಹೂಂ ಅನ್ನು ಯವ್ವಾ. ಮಾತಿನಿಂದ ಏನು ಹೋಗ್ತದ. ಜೀವಾ ಉಳಸ್ಕೋ."

ಎರಡು ದಿನದ ಅಂತರ. ಐತಾರ ಸುಮ್ಮನಿದ್ದರೆ ಮಂಗಳವಾರ ರಕ್ತ. ನಾಯಿಗೆ ಬಿಸ್ಕೀಟು ತೋರಿಸಿ ಕೂರಿಸುವ ಹಾಗೆ.

 

ಮೇ 12, ಸೋಮವಾರ

ಸಂಘಮಿತ್ರಾಗೆ ಫೋನ್ ಮಾಡಿದೆ. ದಾನಿ ಬರದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಬರೋ ಜರೂರತ್ತೇ ಇಲ್ಲಲ್ರಿ."

"ಅಂದ್ರ?"

"ಹೋದ ವರ್ಷ ಅಣ್ಣಾರ ಕಡಿಂದ ತಗೊಂಡಾಗ ಹೆಚ್ಚಿಗಿ ಬಂದಿತ್ರಿ. ಅದನ್ನ ಫ್ರೀಜ್ ಮಾಡಿ ಇಟ್ಟೇವಿ. ಅವರೇ ಒಪ್ಪಿಗಿ ಕೊಟ್ಟಾರ. ಡಾಕ್ಟರ್ ಹೇಳಲಿಲ್ಲೇನ್ರಿ? ಇಪ್ಪತ್ತನೇ ತಾರೀಖಿಗಿ ನೀವೊಬ್ಬರೇ ಬಂದ್ರ ಸಾಕು."



"ಎಷ್ಟು ಸಲಕ್ಕ ಸಾಲ್ತದವಾ?"

"ಎರಡು ಸಲಕ್ಕ. ಮೂರನೇದ್ದು ಬೇಕಾದ್ರ ಅಣ್ಣಾರನ್ನ ಕರೀಬೇಕಾಗ್ತದ. ಬೇಕಾಗ್ಲಿಕ್ಕಿಲ್ರಿ... ಹೇಳಾಕ ಬರಂಗಿಲ್ಲ."

"ಇದನ್ನ ಅಣ್ಣಗ ಹೇಳಬ್ಯಾಡ. ಕಾರ್ಯಕ್ರಮ ಮುಗದ ಮ್ಯಾಲ ನಾನೇ ಹೇಳ್ತೇನಿ."

"ಯಾಕ್ರಿ?"

ಹೇಳಿದೆ. ಎಲ್ಲ. ಅವಳು ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ. "ಮಾಸ್ಕ್ ಮಾತ್ರ ತಗೀಬ್ಯಾಡ್ರಿ ಅಕ್ಕಾರ" ಅಂದಳು.

ಅವನು ಮಾರಲು ಬಂದ ಮಾಲು ಅವನ ಹತ್ತಿರ ಇಲ್ಲ. ಹೋದ ವರ್ಷವೇ ಕೊಟ್ಟು ಮರೆತಿದ್ದಾನೆ.

ಮೇ 14, ಬುಧವಾರ

ಬೆಳಿಗ್ಗೆ ದಾನಿ ಮತ್ತೆ ಕೇಳಿದ. "ಏನಂತಿ?"

"ಜೇವರ್ಗಿಗಿ ಬರ್ತೇನಿ."

"ಶಾಣ್ಯಾಕಿ." ತಲೆ ಸವರಿದ. ಕಸಿಯಾದ ಮೇಲೆ ಬಂದ ಕೂದಲು ಇನ್ನೂ ಗಿಡ್ಡ.

ತಲೆ ಪಕ್ಕಕ್ಕೆ ತೆಗೆಯಲಿಲ್ಲ. ಅವನು ಹಿಗ್ಗಿದಷ್ಟೂ ಒಳ್ಳೆಯದು.

ಮೂರನೇ ಸಲದ ಬಗ್ಗೆ ಯೋಚಿಸಿದೆ. ಬೇಕಾದರೆ ಅವನ ಕಾಲು ಹಿಡಿಯಬೇಕಾಗುತ್ತದೆ. ಅವನು ಬರುವುದಿಲ್ಲ ಅನ್ನಬಹುದು. ಆಗ ನಾನು ಸಾಯಬಹುದು. ಇದನ್ನು ಗೊತ್ತಿದ್ದೇ ಬರೆಯುತ್ತಿದ್ದೇನೆ. ಸುಮ್ಮನಿದ್ದರೆ ಪ್ರತಿ ಸಲವೂ ಬಾಗಿಲಲ್ಲಿ ನಿಂತು ಹೀಗೆಯೇ ಕೇಳುತ್ತಾನೆ.

ಮೇ 17, ಶನಿವಾರ

ಭಾಷಣ ಸಿದ್ಧ. ಚಿಕ್ಕದು. ಬೈಗುಳ ಇಲ್ಲ.

ನನ್ನ ಅಣ್ಣ ನನಗೆ ಸ್ಟೆಮ್ ಸೆಲ್ ಕೊಟ್ಟ, ಅದಕ್ಕೆ ಬದುಕಿದ್ದೇನೆ. ಅದೇ ಅಣ್ಣ ನನ್ನ ವಿಟಮಿನ್ ಡಿ ಕದ್ದು ಬದಲಿಸಿದ, ಬೆನ್ನು ಮುರಿಯಲು ಅದೂ ಕಾರಣ ಎಂದು ಡಾಕ್ಟರ್ ಹೇಳಿದ್ದಾರೆ. ಬದಲಿಸಿದ್ದು ಕ್ಯಾಪ್ಸೂಲಿನ ಸಿಪ್ಪೆ ದನದ ಎಲುಬಿನದೆಂದು. ದಿನಾ ಪೂಜೆಯ ನಂತರ ಅವನು ನುಂಗುವ ಗ್ಯಾಸಿನ ಕ್ಯಾಪ್ಸೂಲಿನ ಸಿಪ್ಪೆಯೂ ಅದೇ. ರಕ್ತ ಕೊಡಿರಿ. ಕೊಟ್ಟಮೇಲೆ ಅದು ನಿಮ್ಮದಲ್ಲ.

ಒಂದು ಸಲ ಗಟ್ಟಿಯಾಗಿ ಓದಿದೆ. ಕೊನೆಯ ಸಾಲು ಮೆತ್ತಗಾಯಿತು ಅನ್ನಿಸಿತು. ಇರಲಿ. ಗ್ಯಾಸಿನ ಕ್ಯಾಪ್ಸೂಲಿನ ಸಾಲಿಗೆ ನಾನು ಸಭೆಯನ್ನಲ್ಲ, ಅವನ ಮುಖ ನೋಡುತ್ತೇನೆ.

ಮೇ 18, ಐತಾರ

ಸ್ಯಾಶೆ ತೆಗೆದುಕೊಂಡೆ. ಬೆಲ್ಟು ಬಿಗಿದಿದ್ದೇನೆ. ದಾನಿ ಹೊಸ ಧೋತರ ಉಟ್ಟು ಕಾರು ಒರೆಸುತ್ತಿದ್ದಾನೆ. ಅವ್ವ ನನ್ನ ಮುಖ ನೋಡುತ್ತಿಲ್ಲ. ಗೊತ್ತಾಗಿರಬೇಕು. ಆದರೂ ಅವನಿಗೆ ಏನೂ ಹೇಳಿಲ್ಲ.

ಹನ್ನೊಂದಕ್ಕೆ ಜೇವರ್ಗಿ. ಪ್ರಾರ್ಥನೆ, ಸ್ವಾಗತ, ದಾನಿಗೆ ಸನ್ಮಾನ. ನಂತರ ನನ್ನ ಮಾತು.