ಕ್ರಿಟಿಕಲ್, ಸೀರಿಯಸ್, ಸ್ಟೇಬಲ್: ಅತ್ತೆಗೆ ನಾನು ಯಾವುದನ್ನು ಹೇಳಲಿ?

ಆಸ್ಪತ್ರೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತೀವ್ರ ನಿಗಾ ಘಟಕದ ಬಾಗಿಲ ಮೇಲಿನ ಬೋರ್ಡಿನಲ್ಲಿ ನನ್ನ ಗಂಡನ ಸ್ಥಿತಿಯನ್ನು ದಿನಕ್ಕೊಂದು ಇಂಗ್ಲಿಷ್ ಪದದಲ್ಲಿ ಬರೆಸುತ್ತಿದ್ದೀರಿ. ಅದನ್ನು ನೋಡಿ ಅಳಬೇಕೋ ಸಮಾಧಾನಪಡಬೇಕೋ ನಮಗೆ ತಿಳಿಯುತ್ತಿಲ್ಲ. ನಿಮ್ಮ ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಅದೇ ಬೋರ್ಡಿನ ಪಕ್ಕ ಅಂಟಿಸಿದ್ದೇನೆ.

ನನ್ನ ಗಂಡ ಗೋಡೆಗೆ ಬಣ್ಣ ಹೊಡೆಯುವವರು. ಏಣಿಯಿಂದ ಬಿದ್ದು ತಲೆಗೆ ಏಟಾಗಿ ಇಲ್ಲಿಗೆ ಬಂದ ದಿನ ಬೋರ್ಡಿನಲ್ಲಿ ‘ಕ್ರಿಟಿಕಲ್’ ಎಂದಿತ್ತು. ಅದರ ಅರ್ಥ ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲವಾದ್ದರಿಂದ ಧೈರ್ಯವಾಗಿದ್ದೆವು. ಮರುದಿನ ‘ಸೀರಿಯಸ್’ ಎಂದು ಬರೆಸಿದಿರಿ. ಅಯ್ಯೋ ದೇವರೇ! ಆ ಪದ ನಮಗೆ ಗೊತ್ತು. ನಮ್ಮ ಬೀದಿಯಲ್ಲಿ ಯಾರಾದರೂ ‘ಸೀರಿಯಸ್ಸಂತೆ’ ಎಂದರೆ ನೆಂಟರಿಗೆಲ್ಲ ಫೋನ್ ಹೋಗುತ್ತದೆ. ನಾನೂ ಮಾಡಿದೆ. ನಾದಿನಿ ಎದೆ ಬಡಿದುಕೊಂಡು ಬಂದಳು, ಮೈದುನ ಕೆಲಸ ಬಿಟ್ಟು ಓಡಿಬಂದ. ನಮ್ಮ ಗೋಳು ಕೇಳಲಾರದೆ ನಿಮ್ಮ ನರ್ಸಮ್ಮ ಹೊರಬಂದು ಗದರಿದರು: “ಯಾಕ್ರೀ ಹೀಗೆ ಅಳ್ತೀರ? ನಿನ್ನೆಗಿಂತ ವಾಸಿ ಅಂತ ತಾನೆ ಬರ್ದಿರೋದು? ಖುಷಿಪಡಿ.” ಖುಷಿಪಟ್ಟೆವು. ಕಣ್ಣೊರೆಸಿಕೊಂಡು ಎಲ್ಲರೂ ಟೀ ಕುಡಿದೆವು.

ಮೂರನೇ ದಿನ ‘ಸ್ಟೇಬಲ್’. ಮೈದುನ ಮೊಬೈಲಿನಲ್ಲಿ ಹುಡುಕಿ, “ಸ್ಥಿರ ಅಂತೆ ಅತ್ತಿಗೆ, ಇನ್ನೇನ್ ಭಯ ಇಲ್ಲ” ಎಂದು ಕೆಲಸಕ್ಕೆ ಹೋದ. ಆವತ್ತೇ ನಿಮ್ಮವರು ಉಸಿರಾಟದ ಯಂತ್ರ ಹಾಕಲು ನನ್ನ ಸಹಿ ಪಡೆದರು. “ಸ್ಟೇಬಲ್ ಅಂದ್ರಲ್ಲಾ ಡಾಕ್ಟ್ರೇ?” ಎಂದೆ. “ಯಂತ್ರ ಹಾಕಿದ್ರೆ ಸ್ಟೇಬಲ್ಲಾಗೇ ಇರ್ತಾರಮ್ಮ” ಎಂದರು. ಇಂದು ನಿಮ್ಮ ಕೃಪೆಯಿಂದ ಎರಡು ಪದಗಳು ಕೈಹಿಡಿದುಕೊಂಡು ಬಂದಿವೆ: ‘ಕ್ರಿಟಿಕಲ್ ಬಟ್ ಸ್ಟೇಬಲ್’. ಸಾಯುವಂತಿದ್ದಾರೆ, ಆದರೆ ಗಾಬರಿ ಬೇಡ ಎಂದೇ? ಪಕ್ಕದ ಬೆಂಚಿನಲ್ಲಿ ಕಾದಿರುವ ಮೇಷ್ಟ್ರು ಜೀವನಪೂರ್ತಿ ಇಂಗ್ಲಿಷ್ ಪಾಠ ಮಾಡಿದವರು. ಅವರನ್ನೇ ಕೇಳಿದೆ. “ನಮ್ಮವಳೂ ಎಷ್ಟೋ ದಿನದಿಂದ ಅದೇ ಆಗಿದಾಳಮ್ಮ. ನಂಗೂ ಗೊತ್ತಿಲ್ಲ” ಎಂದು ತಲೆ ತಗ್ಗಿಸಿದರು.

ಪದಗಳ ಅರ್ಥ ಕಲಿಯುವ ಚಪಲ ನನಗಿಲ್ಲ ಸ್ವಾಮಿ. ಮನೆಯಲ್ಲಿ ಅತ್ತೆ ಇದ್ದಾರೆ. ಸೊಂಟ ಮುರಿದು ಮಲಗಿದವರು, ಹೃದಯವೂ ಅಷ್ಟಕ್ಕಷ್ಟೆ. ಮಗ ದೂರದಲ್ಲಿ ಕೆಲಸಕ್ಕೆ ಹೋಗಿದ್ದಾನೆಂದು ಸುಳ್ಳು ಹೇಳಿದ್ದೇವೆ. ಅವರನ್ನು ಇಲ್ಲಿಗೆ ಹೊತ್ತೇ ತರಬೇಕು; ಅದಕ್ಕೂ ಮೊದಲು ನಿಜ ಹೇಳಬೇಕು. ನನ್ನ ಗಂಡ ಉಳಿಯುವುದಾದರೆ ಆ ಮುದಿಜೀವದ ಎದೆ ಯಾಕೆ ಒಡೆಯಲಿ? ಹೋಗುವುದಾದರೆ ಹೆತ್ತವಳಿಗೆ ಮಗನ ಮುಖ ತೋರಿಸದೆ ಹೇಗಿರಲಿ? ನಿನ್ನೆ ತಲೆ ಬಾಚುವಾಗ ಕೇಳಿದರು: “ಒಂದ್ ಫೋನಾದ್ರೂ ಮಾಡ್ಬಾರ್ದೇನೇ ಅವ್ನು? ನನ್ಮೇಲೆ ಕೋಪಾನಾ?” ಬಾಚಣಿಗೆ ಅಲ್ಲೇ ಇಟ್ಟು ಎದ್ದು ಬಂದೆ. ಇನ್ನು ನನ್ನ ಕೈಲಿ ಆಗುವುದಿಲ್ಲ.

ಬೋರ್ಡು ತೆಗೆಯಿರಿ ಎನ್ನುತ್ತಿಲ್ಲ. ನಿಮ್ಮ ಡಾಕ್ಟರೊಬ್ಬರು ಹೊರಬಂದು, ನನ್ನೆದುರು ಕೂತು, ನನಗೆ ಅರ್ಥವಾಗುವ ಮಾತಿನಲ್ಲಿ ಒಂದೇ ಒಂದು ವಾಕ್ಯ ಹೇಳಲಿ. ‘ನಮಗೂ ಗೊತ್ತಿಲ್ಲಮ್ಮ’ ಎಂಬುದೇ ಆ ವಾಕ್ಯವಾದರೂ ಚಿಂತೆಯಿಲ್ಲ. ಆದರೆ ಇಂದೇ ಹೇಳಲಿ: ಅತ್ತೆಯನ್ನು ಕರೆತರಲೋ, ಬೇಡವೋ?

ಇಂತಿ,
ನನಗೆ ತಿಳಿದಮಟ್ಟಿಗೆ ಇನ್ನೂ
ನಾಲ್ಕನೇ ಬೆಡ್ಡಿನವರ ಹೆಂಡತಿ